ಸೊಲೂಸಿಯ 12,000 ಎಕರೆ: ಒಂದು ಮಿಷನ್ ಜಮೀನಿನ ಪ್ರಕರಣ

ಜಿಂಬಾಬ್ವೆಯ ಬುಲವಾಯೊ ನಗರದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಸೊಲೂಸಿ ವಿಶ್ವವಿದ್ಯಾಲಯ ಸಿಗುತ್ತದೆ. 1894ರಲ್ಲಿ ಅದು ಮಿಷನ್ ಠಾಣೆಯಾಗಿ ಶುರುವಾಯಿತು. ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆ ಕ್ರೈಸ್ತರಲ್ಲದ ಜನರ ನಡುವೆ ಕಟ್ಟಿದ ಮೊದಲ ಠಾಣೆ ಎಂದು ಅದನ್ನೇ ಎಣಿಸುವ ವಾಡಿಕೆ. ಮೊದಲ ನಾಲ್ಕೇ ವರ್ಷಗಳಲ್ಲಿ ಈ ಠಾಣೆ ಒಂದು ಸಿದ್ಧಾಂತದ ಜಗಳ, ಒಂದು ಯುದ್ಧ, ಒಂದು ಕ್ಷಾಮ ಮತ್ತು ಸಾಲುಸಾಲು ಸಾವುಗಳನ್ನು ಕಂಡಿತು. ವಿದೇಶಿ ಮಿಷನ್‌ಗಳ ಇತಿಹಾಸ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಒಂದು ಊರಿನ ಅನುಭವದಿಂದ ಹುಟ್ಟಿದ ನಿಯಮವನ್ನು ಇನ್ನೊಂದು ಖಂಡಕ್ಕೆ ಒಯ್ದಾಗ ಏನಾಗುತ್ತದೆ ಎಂಬುದು ಇಲ್ಲಿ ಎರಡು ಸಲ ಕಾಣುತ್ತದೆ. ಯಾವ ನಿಯಮಕ್ಕೂ ಹೊಳೆಯದ ಮೂರನೆಯ ಪ್ರಶ್ನೆಯೊಂದೂ ಇಲ್ಲಿದೆ. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಅಡ್ವೆಂಟಿಸ್ಟರ ಹೆಸರು ಕರ್ನಾಟಕಕ್ಕೆ ಹೊಸದಲ್ಲ. ಇಂದು ಪುಣೆಯಲ್ಲಿ ವಿಶ್ವವಿದ್ಯಾಲಯವಾಗಿರುವ ಅವರ ಸ್ಪೈಸರ್ ಕಾಲೇಜು 1942ಕ್ಕೆ ಮುಂಚೆ ಬೆಂಗಳೂರಿನ ಕೃಷ್ಣರಾಜಪುರದಲ್ಲೇ ಇತ್ತು. ಸಭೆ ಸಂಘಟನೆಯಾಗಿ ರೂಪುಗೊಂಡದ್ದು 1863ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ. ಭಾನುವಾರದ ಬದಲು ಶನಿವಾರವನ್ನು ಸಬ್ಬತ್ತಾಗಿ, ಅಂದರೆ ವಿಶ್ರಾಂತಿ ಮತ್ತು ಆರಾಧನೆಯ ದಿನವಾಗಿ, ಆಚರಿಸುತ್ತಾರೆ. ಹೆಂಡ, ಹೊಗೆಸೊಪ್ಪು, ಹಂದಿಮಾಂಸ ಮುಟ್ಟುವುದಿಲ್ಲ. ಸಭೆಯ ಮೊದಲ ಅಧಿಕೃತ ವಿದೇಶಿ ಮಿಷನರಿ ಜೆ. ಎನ್. ಆಂಡ್ರೂಸ್ 1874ರಲ್ಲಿ ಹೋದದ್ದು ಸ್ವಿಟ್ಜರ್ಲೆಂಡಿಗೆ. ಅಂದರೆ ಮೊದಲ ಇಪ್ಪತ್ತು ವರ್ಷ ಈ ಸಭೆಯ ವಿದೇಶಿ ಕೆಲಸವೆಲ್ಲ ಹೆಚ್ಚುಕಡಿಮೆ ಕ್ರೈಸ್ತರ ನಡುವೆಯೇ ನಡೆದಿತ್ತು. ಬೇರೆ ಭಾಷೆ, ಬೇರೆ ಧರ್ಮ, ಆಗಷ್ಟೇ ಸೋತ ರಾಜ್ಯ, ಜ್ವರದ ಸೀಮೆ, ಇವೆಲ್ಲ ಒಟ್ಟಿಗೆ ಎದುರಾದದ್ದು ಸೊಲೂಸಿಯಲ್ಲಿ.

ಬ್ಯಾಟಲ್ ಕ್ರೀಕ್‌ನಿಂದ ಹೊರಟ ಎರಡು ನಿಯಮಗಳು

ಸಭೆ ಮತ್ತು ಸರ್ಕಾರ ಒಂದರ ಕೈ ಇನ್ನೊಂದು ಹಿಡಿಯಬಾರದು ಎಂಬುದು ಮೊದಲನೆಯ ನಿಯಮ. ಇದರ ಹಿಂದೆ ನೋವಿನ ಅನುಭವವಿತ್ತು. 1880ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಭಾನುವಾರದ ಕಾಯಿದೆಗಳಿಗಾಗಿ ದೊಡ್ಡ ಚಳವಳಿ ನಡೆಯಿತು. ಶನಿವಾರ ವಿಶ್ರಮಿಸಿ ಭಾನುವಾರ ಹೊಲದಲ್ಲಿ ದುಡಿದ ತಪ್ಪಿಗೆ ಟೆನೆಸಿಯಂತಹ ರಾಜ್ಯಗಳಲ್ಲಿ ಅಡ್ವೆಂಟಿಸ್ಟ್ ರೈತರು ಜೈಲು ಸೇರಿದರು. 1888ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಭಾನುವಾರದ ಮಸೂದೆ ಸೆನೆಟ್ಟಿಗೆ ಬಂದಾಗ ಸಭೆಯ ಪರವಾಗಿ ಎ. ಟಿ. ಜೋನ್ಸ್ ಎದ್ದುನಿಂತು ವಾದಿಸಿದರು. ಸರ್ಕಾರದಿಂದ ಏನನ್ನಾದರೂ ಪಡೆದರೆ ನಾಳೆ ಸರ್ಕಾರ ಹೇಳಿದಂತೆ ಕೇಳಬೇಕಾಗುತ್ತದೆ ಎಂಬ ಎಚ್ಚರ ಅಲ್ಲಿಂದ ಬಂದದ್ದು. ಸಭೆಯ ಆಸ್ತಿಗೆ ಸಿಗುವ ತೆರಿಗೆ ವಿನಾಯಿತಿಯೂ ಬೇಡ ಎನ್ನುವವರೆಗೆ ಈ ವಾದ ಹೋಗಿತ್ತು.

ಎರಡನೆಯದು ಔಷಧದ ಬಗೆಗಿನದು. ಹತ್ತೊಂಬತ್ತನೆಯ ಶತಮಾನದ ವೈದ್ಯರು ಪಾದರಸದ ಕ್ಯಾಲೊಮೆಲ್, ಸ್ಟ್ರಿಕ್ನಿನ್, ಅಫೀಮನ್ನು ಧಾರಾಳವಾಗಿ ಕೊಟ್ಟು ರೋಗಿಯ ಹಲ್ಲು ಉದುರಿಸುತ್ತಿದ್ದರು, ಕೆಲವೊಮ್ಮೆ ಜೀವವನ್ನೂ ತೆಗೆಯುತ್ತಿದ್ದರು. ಅದಕ್ಕೆ ಎದುರಾಗಿ ಅಡ್ವೆಂಟಿಸ್ಟರು ನೀರು, ಬಿಸಿಲು, ಗಾಳಿ, ಪಥ್ಯಾಹಾರದ ಚಿಕಿತ್ಸೆ ಬೆಳೆಸಿದರು. ಡಾ. ಜೆ. ಎಚ್. ಕೆಲಾಗ್ ನಡೆಸುತ್ತಿದ್ದ ಬ್ಯಾಟಲ್ ಕ್ರೀಕ್ ಸ್ಯಾನಿಟೇರಿಯಂ ಎಂಬ ಆರೋಗ್ಯಧಾಮ ಇದರ ಕೇಂದ್ರ. ತನ್ನ ಕಾಲಕ್ಕೆ ಅದು ವಿವೇಕದ ನಿಲುವೇ. ಆದರೆ ವಿಷವೆಂದು ಬಿಟ್ಟ ಔಷಧಗಳ ಸಾಲಿನಲ್ಲಿ ಮಲೇರಿಯಾದ ಮದ್ದಾದ ಕ್ವಿನೈನ್ ಕೂಡ ಸೇರಿಕೊಂಡಿತು. ಮಿಷಿಗನ್‌ನಲ್ಲಿ ಅದರಿಂದ ದೊಡ್ಡ ನಷ್ಟವಾಗಲಿಲ್ಲ.

ವಜ್ರದ ಹಣ, ಮೊಹರು ಹಾಕಿದ ಪತ್ರ

ದಕ್ಷಿಣ ಆಫ್ರಿಕಕ್ಕೆ ಈ ಸಭೆಯನ್ನು ಕರೆಸಿಕೊಂಡವರು ಅಲ್ಲಿನ ಡಚ್ ಮೂಲದ ರೈತರು. ಕಿಂಬರ್ಲಿ ಸೀಮೆಯ ಪೀಟರ್ ವೆಸೆಲ್ಸ್ ಮತ್ತು ಜಾರ್ಜ್ ವಾನ್ ಡ್ರೂಟನ್ ಬೈಬಲ್ ಓದುತ್ತ ಬೇರೆಬೇರೆಯಾಗಿ ಶನಿವಾರದ ಸಬ್ಬತ್ತಿಗೆ ಬಂದಿದ್ದರು. ವಜ್ರ ಹುಡುಕಲು ಬಂದಿದ್ದ ವಿಲಿಯಂ ಹಂಟ್ ಎಂಬ ಅಮೆರಿಕನ್ನನಿಂದ, ತಮ್ಮಂತೆ ನಂಬುವ ಒಂದು ಸಭೆಯೇ ಇದೆ ಎಂದು ಅವರಿಗೆ ತಿಳಿಯಿತು. 1886ರಲ್ಲಿ ಒಬ್ಬ ಡಚ್ ಬಲ್ಲ ಬೋಧಕನನ್ನು ಕಳಿಸಿ ಎಂದು 50 ಪೌಂಡ್ ಸೇರಿಸಿ ಬ್ಯಾಟಲ್ ಕ್ರೀಕ್‌ಗೆ ಬರೆದರು. 1887ರಲ್ಲಿ ಮೊದಲ ತಂಡ ಕೇಪ್‌ಟೌನ್ ತಲುಪಿತು. ಅಷ್ಟರಲ್ಲಿ ವೆಸೆಲ್ಸ್ ಮನೆತನದ ಹೊಲದಲ್ಲಿ ವಜ್ರ ಸಿಕ್ಕಿತು. ಹೊಲ ಡಿ ಬೀರ್ಸ್ ಕಂಪನಿಗೆ ಮಾರಾಟವಾಗಿ ಆ ಹಣದ ದೊಡ್ಡ ಪಾಲು ಸಭೆಗೆ ಹರಿದು ಬಂತು. ಕೇಪ್‌ಟೌನ್ ಬಳಿಯ ಕ್ಲೇರ್‌ಮಾಂಟ್‌ನಲ್ಲಿ 1893ರಲ್ಲಿ ಕಾಲೇಜು ಎದ್ದಿತು, ಜೊತೆಗೆ ಸ್ಯಾನಿಟೇರಿಯಂ, ಅನಾಥಾಲಯ. ಒಳನಾಡಿಗೆ ಹೋಗುವ ಯೋಚನೆಗೆ ಬಲ ಬಂದದ್ದೂ ಈ ಹಣದಿಂದಲೇ.

ಡಿ ಬೀರ್ಸ್ ಕಂಪನಿಯ ಹಿಂದಿದ್ದವರು ಸಿಸಿಲ್ ರೋಡ್ಸ್. 1894ರಲ್ಲಿ ಅವರು ಕೇಪ್ ವಸಾಹತಿನ ಪ್ರಧಾನಿ. ಜಾಂಬೆಜಿ ನದಿಯವರೆಗಿನ ಸೀಮೆಯನ್ನು ಆಳುತ್ತಿದ್ದ ಬ್ರಿಟಿಷ್ ಸೌತ್ ಆಫ್ರಿಕ ಕಂಪನಿಯನ್ನು ಕಟ್ಟಿ ನಡೆಸುತ್ತಿದ್ದವರೂ ಅವರೇ. ಪೀಟರ್ ವೆಸೆಲ್ಸ್ ಮತ್ತು ಸಭೆಯ ಸ್ಥಳೀಯ ಅಧ್ಯಕ್ಷ ಎ. ಟಿ. ರಾಬಿನ್‌ಸನ್ ಕೇಪ್‌ಟೌನ್‌ನಲ್ಲಿ ರೋಡ್ಸ್‌ರನ್ನು ಕಂಡು ಮಿಷನ್ನಿಗೆ ಜಾಗ ಬೇಕೆಂದರು. ರೋಡ್ಸ್ ಅವರಿಗೆ ಮೊಹರು ಹಾಕಿದ ಒಂದು ಪತ್ರ ಕೊಟ್ಟು, ಬುಲವಾಯೊದಲ್ಲಿದ್ದ ಕಂಪನಿಯ ಆಡಳಿತಾಧಿಕಾರಿ ಡಾ. ಲಿಯಾಂಡರ್ ಸ್ಟಾರ್ ಜೇಮ್ಸನ್‌ಗೆ ತಲುಪಿಸಲು ಹೇಳಿದರು. ಒಳಗೆ ಏನಿದೆ ಎಂಬುದು ಒಯ್ಯುವವರಿಗೆ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಕಿಂಬರ್ಲಿ ಬಿಟ್ಟ ತಂಡ ಜುಲೈ 4ರಂದು ಬುಲವಾಯೊ ಮುಟ್ಟಿತು. ಪತ್ರ ಓದಿದ ಜೇಮ್ಸನ್ ಎಷ್ಟು ಜಮೀನು ಬೇಕೆಂದು ಕೇಳಿದರು. ಸಿಕ್ಕಿದ್ದು 12,000 ಎಕರೆ, ಅಂದರೆ ಹತ್ತಿರ ಹತ್ತಿರ 4,850 ಹೆಕ್ಟೇರ್. ಆ ಸೀಮೆಯ ಇಂಡುನಾ, ಅಂದರೆ ಪಾಳೆಯಗಾರನಂತಹ ಮುಖಂಡ, ಸೊಲುಸ್ವೆಯ ಹೆಸರು ಠಾಣೆಗೆ ಬಂತು.

12,000 ಎಕರೆ ಎಂಬ ಅಳತೆಯ ಬಳಿ ಓದುಗರು ಸ್ವಲ್ಪ ನಿಲ್ಲಬೇಕು. ಒಂದು ವರ್ಷದ ಹಿಂದೆ, 1893ರ ಆಗಸ್ಟ್‌ನಲ್ಲಿ, ಎನ್‌ಡೆಬೆಲೆ ರಾಜ ಲೊಬೆಂಗುಲನ ಮೇಲೆ ಯುದ್ಧಕ್ಕೆ ಹೊರಟ ಸ್ವಯಂಸೈನಿಕರ ಜೊತೆ ಜೇಮ್ಸನ್ ಫೋರ್ಟ್ ವಿಕ್ಟೋರಿಯಾದಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ತಲೆಗೆ 6,000 ಎಕರೆ ಹೊಲ, ಚಿನ್ನ ಅಗೆಯಲು 20 ತುಂಡು ಜಾಗ, ಲೂಟಿಯಾದ ದನಗಳಲ್ಲಿ ಪಾಲು. ನವೆಂಬರ್ 4ರಂದು ಬುಲವಾಯೊ ಕಂಪನಿಯ ವಶವಾಯಿತು. ಓಡಿಹೋದ ರಾಜ 1894ರ ಆರಂಭದಲ್ಲಿ ತೀರಿಕೊಂಡ. ಮಿಷನ್ ತಂಡ ಬಂದಾಗ ಆ ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಮಿಷನ್ನಿಗೆ ಸಿಕ್ಕಿದ್ದು ಇಬ್ಬರು ಸೈನಿಕರ ಪಾಲಿನಷ್ಟು ನೆಲ. ಮಿಷನರಿಗಳು ಲೂಟಿಗೆ ಬಂದವರಲ್ಲ, ಅವರ ಶ್ರದ್ಧೆಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ನೆಲ ಬಂದದ್ದು ಅದೇ ಕಣಜದಿಂದ.

ಬ್ಯಾಟಲ್ ಕ್ರೀಕ್‌ನ ಆಕ್ಷೇಪ, ಆಸ್ಟ್ರೇಲಿಯದ ಪತ್ರ

ಸುದ್ದಿ ಅಮೆರಿಕ ತಲುಪಿದಾಗ ಜೋನ್ಸ್ ಮತ್ತು ಅವರ ಜೊತೆಗಾರರು ಸಿಡಿದೆದ್ದರು. ಕಂಪನಿಯೇ ಅಲ್ಲಿ ಸರ್ಕಾರ, ಅದರಿಂದ ಉಂಬಳಿ ಪಡೆಯುವುದೆಂದರೆ ಸಭೆಯ ಸ್ವಾತಂತ್ರ್ಯ ಮಾರಿಕೊಂಡಂತೆ ಎಂಬುದು ವಾದ. 1895ರ ಫೆಬ್ರವರಿ-ಮಾರ್ಚ್‌ನಲ್ಲಿ ಬ್ಯಾಟಲ್ ಕ್ರೀಕ್‌ನಲ್ಲಿ ಸೇರಿದ ಮಹಾಸಭೆಯೂ ಇದೇ ದಿಕ್ಕಿಗೆ ವಾಲಿತು: ಇಂತಹ ಜಮೀನನ್ನು ದಾನವಾಗಿ ಪಡೆಯಬಾರದು, ಬೇಕಿದ್ದರೆ ಬೆಲೆ ಕೊಟ್ಟು ಕೊಳ್ಳಬೇಕು.

ಸಭೆಯ ಸ್ಥಾಪಕರಲ್ಲೊಬ್ಬರಾದ ಎಲೆನ್ ವೈಟ್ ಆಗ ಆಸ್ಟ್ರೇಲಿಯದಲ್ಲಿದ್ದರು. 1895ರ ಜನವರಿ 30ರಂದು ಅವರು ದಕ್ಷಿಣ ಆಫ್ರಿಕದಲ್ಲಿದ್ದ ಎಸ್. ಎನ್. ಹ್ಯಾಸ್ಕೆಲ್‌ಗೆ ಪತ್ರ ಬರೆದರು. ಯೆರೂಸಲೇಮಿನ ಗೋಡೆ ಕಟ್ಟಲು ಹೊರಟ ನೆಹೆಮೀಯನು ಪರ್ಷಿಯದ ಅರಸ ಅರ್ತಷಸ್ತನನ್ನೇ ಮರಮುಟ್ಟು ಕೇಳಿದ್ದನಲ್ಲವೇ ಎಂಬುದು ಅವರ ಮುಖ್ಯ ನಿದರ್ಶನ. ಅಧಿಕಾರದಲ್ಲಿರುವವರು ಒಳ್ಳೆಯ ಕೆಲಸಕ್ಕೆ ಕೊಟ್ಟದ್ದನ್ನು ದೂರಕ್ಕೆ ತಳ್ಳುವ ಅತಿರೇಕ ಬೇಡ, ಅಲ್ಲಿನ ಪರಿಸ್ಥಿತಿ ಕಾಣದವರು ಇಲ್ಲಿ ಕೂತು ಕಟ್ಟಳೆ ಮಾಡಬಾರದು ಎಂದು ಅವರು ವಾದಿಸಿದರು. ಅಂದಿನ ಹಡಗಿನ ಅಂಚೆಗೆ ವಾರಗಟ್ಟಲೆ ಹಿಡಿಯುತ್ತಿತ್ತು, ಹೀಗಾಗಿ ಮಹಾಸಭೆಯ ನಿಲುವೂ ಈ ಪತ್ರವೂ ಒಂದನ್ನೊಂದು ದಾಟಿಕೊಂಡು ಹೋದವು. ಕೊನೆಗೆ ಪತ್ರವೇ ಗೆದ್ದಿತು. ಜಮೀನು ಸಭೆಯ ಕೈಯಲ್ಲೇ ಉಳಿಯಿತು.

ಸಭೆಯೊಳಗೆ ಬರೆದ ಇತಿಹಾಸಗಳು ಈ ಘಟನೆಯನ್ನು ಅತಿರೇಕದ ಮೇಲೆ ಸಮತೋಲನದ ಗೆಲುವು ಎಂದು ಹೇಳುತ್ತವೆ. ಅಷ್ಟು ಸರಿ. ಟೆನೆಸಿಯ ಜೈಲಿನಿಂದ ಹುಟ್ಟಿದ ನಿಯಮವನ್ನು ಮಟಬೆಲೆ ಸೀಮೆಗೆ, ಅಂದರೆ ಎನ್‌ಡೆಬೆಲೆ ಜನರ ನಾಡಿಗೆ, ಹಾಗೇ ಹೊರಿಸುವುದು ತಪ್ಪೆಂದು ವೈಟ್ ಕಂಡರು. ಆದರೆ ಎರಡೂ ಕಡೆಯ ವಾದ ನಡೆದದ್ದು ಒಂದೇ ಪ್ರಶ್ನೆಯ ಸುತ್ತ: ಸರ್ಕಾರ ಕೊಟ್ಟರೆ ಸಭೆ ತೆಗೆದುಕೊಳ್ಳಬಹುದೇ? ಕೊಡುತ್ತಿರುವವನಿಗೆ ಕೊಡುವ ಹಕ್ಕಿದೆಯೇ ಎಂಬುದು ಈ ಜಗಳದ ವಿಷಯವಾಗಲೇ ಇಲ್ಲ. ಅರ್ತಷಸ್ತ ಕೊಟ್ಟ ಮರ ಅವನ ವನದ್ದಾಗಿತ್ತು.

ಎತ್ತಿನ ಬಂಡಿಯಲ್ಲಿ ಬಂದವರು

ಅಮೆರಿಕದ ತಂಡ 1895ರ ಜುಲೈ 26ರಂದು ಠಾಣೆ ತಲುಪಿತು. ಮೇಲ್ವಿಚಾರಕ ಜಿ. ಬಿ. ಟ್ರಿಪ್, ಅವರ ಹೆಂಡತಿ ಮತ್ತು ಮಗ, ವೈದ್ಯ ಡಾ. ಎ. ಎಸ್. ಕಾರ್ಮೈಕಲ್, ಯುವ ದಂಪತಿ ವಿಲಿಯಂ ಹ್ಯಾರಿಸನ್ ಆಂಡರ್ಸನ್ ಮತ್ತು ನೋರಾ. ರೈಲು ಆಗ ಮೆಫೆಕಿಂಗ್‌ವರೆಗೆ ಮಾತ್ರ. ಅಲ್ಲಿಂದ ಬುಲವಾಯೊಗೆ ಸುಮಾರು 800 ಕಿಲೋಮೀಟರ್, ಎತ್ತಿನ ಬಂಡಿಯಲ್ಲಿ ಆರು ವಾರದ ಹಾದಿ. ಆ ಕಡೆಯ ಸಾಮಾನು ಬಂಡಿಗೆ ಹದಿನಾರು ಎತ್ತು ಕಟ್ಟುವುದು ರೂಢಿ. ಹಿಟ್ಟು, ಉಪ್ಪು, ಮೊಳೆ, ಔಷಧ, ಬಟ್ಟೆ ಎಲ್ಲಕ್ಕೂ ಈ ಎತ್ತುಗಳೇ ಜೀವನಾಡಿ.

ಮಿಷನ್ನಿನ ಲೆಕ್ಕಾಚಾರ ಸರಳ: ದೊಡ್ಡ ಹೊಲ, ಹೊಲದ ಜೋಳದಿಂದ ಊಟ, ದನದಿಂದ ವರಮಾನ, ಅದರಿಂದ ಶಾಲೆ, ಬ್ಯಾಟಲ್ ಕ್ರೀಕ್ ಮೇಲೆ ಹೊರೆ ಕಡಿಮೆ. ಆದರೆ ಬುಲವಾಯೊದ ಪಶ್ಚಿಮದ ನೆಲ ಮಳೆ ಕೈಕೊಡುವ ಒಣ ಸೀಮೆ. ಅಂತಹ ಕಡೆ ಎಕರೆ ಎಷ್ಟಿದೆ ಎಂಬುದಕ್ಕಿಂತ ನೀರು ಎಲ್ಲಿದೆ, ದನ ಎಷ್ಟು ಉಳಿದಿದೆ ಎಂಬುದೇ ಮುಖ್ಯ. 12,000 ಎಕರೆ ಕಾಗದದ ಮೇಲೆ ಸಿರಿವಂತಿಕೆಯಾಗಿ ಕಾಣುತ್ತದೆ, ಉಳುವ ಎತ್ತಿಲ್ಲದಿದ್ದರೆ ಅದು ಬರೀ ಕುರುಚಲು ಕಾಡು.

ಎತ್ತು ಇಲ್ಲದಾಗುವ ದಿನ ಬೇಗನೆ ಬಂತು. ಜಮೀನು ಕೊಟ್ಟ ಜೇಮ್ಸನ್ 1895ರ ಡಿಸೆಂಬರ್ ಕೊನೆಯಲ್ಲಿ ಬೋಯರರ, ಅಂದರೆ ಡಚ್ ಮೂಲದ ರೈತರ, ಟ್ರಾನ್ಸ್‌ವಾಲ್ ಗಣರಾಜ್ಯದ ಮೇಲೆ ದಂಡೆತ್ತಿ ಹೋದರು, ಕಂಪನಿಯ ಪೊಲೀಸರಲ್ಲಿ ಬಹುಪಾಲು ಅವರ ಹಿಂದೆ ಹೋಯಿತು. 1896ರ ಜನವರಿ 2ರಂದು ಅವರೆಲ್ಲ ಬೋಯರರಿಗೆ ಸೆರೆಸಿಕ್ಕರು. ಮಟಬೆಲೆ ಸೀಮೆಯಲ್ಲಿ ಕಾವಲಿಲ್ಲ. ಅದೇ ಹೊತ್ತಿಗೆ ಉತ್ತರದಿಂದ ರಿಂಡರ್‌ಪೆಸ್ಟ್, ನಮ್ಮ ರೈತರು ದೊಡ್ಡರೋಗ ಎನ್ನುವ ದನಗಳ ಮಾರಿ, ಜಾಂಬೆಜಿ ದಾಟಿ ಬಂತು. ರೋಗ ಹತ್ತಿದ ಕಡೆ ಹತ್ತರಲ್ಲಿ ಎಂಟೊಂಬತ್ತು ದನ ಸತ್ತವು. ರೋಗ ತಡೆಯಲು ಕಂಪನಿ ಗಟ್ಟಿಮುಟ್ಟಾದ ದನಗಳನ್ನೂ ಗುಂಡಿಕ್ಕಿ ಕೊಲ್ಲಿಸಿತು. ಯುದ್ಧದ ನಂತರ ದನಗಳನ್ನು ಕಿತ್ತುಕೊಂಡವರೇ ಈಗ ಉಳಿದದ್ದನ್ನೂ ಕೊಲ್ಲುತ್ತಿದ್ದಾರೆ ಎಂಬುದು ಜನರಿಗೆ ಕಂಡದ್ದು. ಗುಡಿಸಲಿಗೆ ವರ್ಷಕ್ಕೆ 10 ಷಿಲ್ಲಿಂಗ್ ಕಂದಾಯ, ಬಲವಂತದ ಕೂಲಿ, ಮಳೆಯಿಲ್ಲದ ವರ್ಷ, ಮಿಡತೆ, ಇವೆಲ್ಲ ಸೇರಿ 1896ರ ಮಾರ್ಚ್‌ನಲ್ಲಿ ಎನ್‌ಡೆಬೆಲೆ ಜನ ದಂಗೆ ಎದ್ದರು.

ಮಿಷನರಿಗಳು ಬುಲವಾಯೊಗೆ ಓಡಿಬಂದು ಬಂಡಿಗಳನ್ನು ಸುತ್ತ ನಿಲ್ಲಿಸಿ ಕಟ್ಟಿದ ಕೋಟೆಯಲ್ಲಿ ಸುಮಾರು ಐದು ತಿಂಗಳು ಉಳಿದರು. ಅಕ್ಟೋಬರ್ ಹೊತ್ತಿಗೆ ಮಟೊಬೊ ಬೆಟ್ಟಗಳಲ್ಲಿ ಸಂಧಾನ ಮುಗಿಯಿತು. ಮರಳಿದಾಗ ಕಂಡದ್ದು ಕ್ಷಾಮ. ಎತ್ತಿಲ್ಲದೆ ಬಂಡಿಯಿಲ್ಲ, ಬಂಡಿಯಿಲ್ಲದೆ ದಕ್ಷಿಣದಿಂದ ಧಾನ್ಯವಿಲ್ಲ, ಇದ್ದ ಧಾನ್ಯದ ಬೆಲೆ ಮುಗಿಲಿಗೆ. ಸೊಲೂಸಿಯವರು ಅನಾಥ ಮಕ್ಕಳನ್ನು ತಂದು ಸಾಕತೊಡಗಿದರು, ಶಾಲೆಯ ಮೊದಲ ಮಕ್ಕಳು ಅವರೇ. ಠಾಣೆಯ ಬಗ್ಗೆ ಸುತ್ತಲಿನ ಜನರಿಗೆ ನಂಬಿಕೆ ಹುಟ್ಟಿದ್ದು ಬೋಧನೆಯಿಂದಲ್ಲ, ಈ ಊಟದಿಂದ. ಮಿಷನರಿಗಳ ಬಗ್ಗೆ ನಮಗಿರುವ ಗೌರವದ ಬಹುಪಾಲು ಈ ತಿಂಗಳುಗಳಿಗೇ ಸಲ್ಲುತ್ತದೆ. ಬುಲವಾಯೊದ ರೈಲುಮಾರ್ಗ ವಿಧ್ಯುಕ್ತವಾಗಿ ತೆರೆದದ್ದು 1897ರ ನವೆಂಬರ್ 4ಕ್ಕೆ, ಸಾಮಾನಿನ ಬವಣೆ ತೀರಿದ್ದು ಆಮೇಲೆ.

1898ರ ಮಳೆಗಾಲ

ಆ ಸೀಮೆಯಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಳೆನೀರು ನಿಂತು ಸೊಳ್ಳೆ ಹೆಚ್ಚುವುದು ಕೊನೆಯ ತಿಂಗಳುಗಳಲ್ಲಿ, ಚಳಿಜ್ವರ ಏರುವುದು ಫೆಬ್ರವರಿಯಿಂದ ಏಪ್ರಿಲ್. 1898ರ ಫೆಬ್ರವರಿ ಕೊನೆಯಲ್ಲಿ ಮೊದಲು ತೀರಿಕೊಂಡವರು ಠಾಣೆಯ ವೈದ್ಯ ಕಾರ್ಮೈಕಲ್. ಮಾರ್ಚ್ ಮೊದಲ ವಾರ ಮುಗಿಯುತ್ತಿದ್ದಂತೆ ಟ್ರಿಪ್. ಅವರ ಹಿಂದೆಯೇ ಮಗ. ಹೊಸದಾಗಿ ಬಂದಿದ್ದ ಆರ್ಮಿಟೇಜ್ ಎಂಬ ಮಿಷನರಿಯ ಹೆಂಡತಿಯೂ ಉಳಿಯಲಿಲ್ಲ. ಮತ್ತೆ ಕೆಲವರು ಜ್ವರದಿಂದ ಜರ್ಝರಿತರಾಗಿ ಚೇತರಿಸಿಕೊಳ್ಳಲು ದಕ್ಷಿಣಕ್ಕೆ ಹೋಗಬೇಕಾಯಿತು.

ಕ್ವಿನೈನ್ ಆಗ ಅಪರೂಪದ ವಸ್ತುವಲ್ಲ. ಜ್ವರದ ಸೀಮೆಗೆ ಹೋಗುವ ವ್ಯಾಪಾರಿ, ಸೈನಿಕ, ಮಿಷನರಿಗಳ ಪೆಟ್ಟಿಗೆಯಲ್ಲಿ ಅದು ಇದ್ದೇ ಇರುತ್ತಿತ್ತು. ತಡೆಗಾಗಿ ದಿನಕ್ಕೆ 5 ಗ್ರೇನ್, ಇಂದಿನ ಅಳತೆಯಲ್ಲಿ ಸುಮಾರು 325 ಮಿಲಿಗ್ರಾಂ, ತೆಗೆದುಕೊಳ್ಳುವುದು ಪ್ರಚಲಿತ ಪದ್ಧತಿ. ಕಹಿ ವಿಪರೀತ, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಆದರೆ ರಕ್ತದಲ್ಲಿ ಹೆಚ್ಚುವ ಪರೋಪಜೀವಿಯನ್ನು ಅದು ಕೊಲ್ಲುತ್ತದೆ. ಬಿಸಿಶಾಖ, ಒದ್ದೆ ಬಟ್ಟೆಯ ಸುತ್ತು ಮೈಬಿಸಿ ಇಳಿಸುತ್ತವೆ, ಅಷ್ಟೇ. ಮಾರಕ ಬಗೆಯ ಮಲೇರಿಯಾ ಅದಕ್ಕೆ ಮೈ ಒಗ್ಗಿರದ ದೊಡ್ಡವರನ್ನೂ ಕೆಲವೇ ದಿನಗಳಲ್ಲಿ ಮುಗಿಸಬಲ್ಲದು. ಸತ್ತವರು ಕ್ವಿನೈನ್ ಅನ್ನು ವಿಷವೆಂದು ನಂಬಿ ದೂರವಿಟ್ಟಿದ್ದರೆಂದೂ, ಅದನ್ನು ತೆಗೆದುಕೊಂಡವರು ಬದುಕಿದರೆಂದೂ ಸಭೆಯವರೇ ಬರೆದ ಇತಿಹಾಸಗಳು ಹೇಳುತ್ತವೆ.

ಇದನ್ನು ಮೂಢತನ ಎಂದು ತಳ್ಳಿಹಾಕುವುದು ಅನ್ಯಾಯ. ಜ್ವರಕ್ಕೆ ಸೊಳ್ಳೆಯೇ ಕಾರಣವೆಂಬುದು ಆಗಿನ್ನೂ ಜಗತ್ತಿಗೆ ತಿಳಿಯುತ್ತಿದ್ದ ಹೊತ್ತು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿ ಕಂಡದ್ದು 1897ರ ಆಗಸ್ಟ್ 20ರಂದು, ಕಾರ್ಮೈಕಲ್ ಸಾಯುವ ಆರು ತಿಂಗಳ ಮುಂಚೆ. ಆದರೆ ಸೊಳ್ಳೆಯ ಪಾತ್ರ ಗೊತ್ತಾಗುವುದಕ್ಕೆ ಇನ್ನೂರು ವರ್ಷ ಮೊದಲಿಂದಲೇ, ಕ್ವಿನೈನ್ ಸಿಗುವ ಸಿಂಕೋನ ತೊಗಟೆ ಚಳಿಜ್ವರಕ್ಕೆ ಮದ್ದೆಂದು ಜನ ಬಲ್ಲರು. ಕ್ಯಾಲೊಮೆಲ್ ಮೇಲೆ ಹುಟ್ಟಿದ ನ್ಯಾಯವಾದ ಸಿಟ್ಟು ಕ್ವಿನೈನ್ ಮೇಲೂ ಬಿದ್ದದ್ದೇ ಇಲ್ಲಿನ ಅನಾಹುತ. ಜಮೀನಿನ ವಿಷಯದಲ್ಲಿ ನಿಯಮ ಸಡಿಲಿಸಲು ಸಕಾಲಕ್ಕೆ ಒಂದು ಪತ್ರ ಬಂತು. ಔಷಧದ ವಿಷಯದಲ್ಲಿ ಅಂತಹ ಪತ್ರ ಬರಲಿಲ್ಲ.

ಉಳಿದವರು ಕಲಿತದ್ದು

ಆಂಡರ್ಸನ್ ಉಳಿದರು, ಸುಮಾರು ಐವತ್ತು ವರ್ಷ ಆಫ್ರಿಕದಲ್ಲಿ ದುಡಿದರು. 1903ರಲ್ಲಿ ಜಾಂಬೆಜಿ ದಾಟಿ ಜಾಗ ಹುಡುಕಿ, 1905ರಲ್ಲಿ ಇಂದಿನ ಜಾಂಬಿಯಾದ ಮೊಂಜೆ ಬಳಿ ರುಸಾಂಗು ಮಿಷನ್ ಕಟ್ಟಿದರು. ಭಾಷೆ ಕಲಿತು, ಕಟ್ಟಡ ಎಬ್ಬಿಸಿ, ಆಮೇಲೆ ಶಾಲೆ ಎಂಬುದು ಅವರ ಯೋಜನೆ. ಹೋದ ದಿನವೇ ಹುಡುಗರು ಶಾಲೆಗೆಂದು ಬಂದು ನಿಂತರು. ಅವರನ್ನು ಹಿಂದಕ್ಕೆ ಕಳಿಸದೆ ಮರದ ಕೆಳಗೆ ಪಾಠ ಶುರುವಾಯಿತು, ಟೊಂಗಾ ಭಾಷೆಯ ಮಾತುಗಳನ್ನು ಮಕ್ಕಳಿಂದಲೇ ಕೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮೇಷ್ಟ್ರೂ ಕಲಿತರು. ಸೊಲೂಸಿಯಲ್ಲಿ ಹತ್ತು ವರ್ಷ ಬೆಂದವರಿಗೆ ಬಂದ ಬುದ್ಧಿ ಇದು: ಬೇಕಾದದ್ದೇನೆಂದು ಅಲ್ಲಿನವರ ಬಾಯಿಂದಲೇ ಕೇಳಬೇಕು.

ಸೊಲೂಸಿಯೂ ಮುಖ್ಯವಾಗಿ ಶಾಲೆಯಾಗಿಯೇ ಬೆಳೆಯಿತು. ಮೊದಲು ಊರ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಿತು, 1958ರಲ್ಲಿ ಕಾಲೇಜಾಯಿತು, 1994ರಲ್ಲಿ ವಿಶ್ವವಿದ್ಯಾಲಯದ ಸನ್ನದು ಪಡೆಯಿತು.

ಕೊಟ್ಟವನ ಹಕ್ಕು

ಈಗ ಆ ಮೂರನೆಯ ಪ್ರಶ್ನೆ. ಕಂಪನಿ ಯಾವ ಕಾಗದದ ಮೇಲೆ ಈ ನೆಲ ಹಂಚಿತು? 1888ರ ಅಕ್ಟೋಬರ್‌ನಲ್ಲಿ ಲೊಬೆಂಗುಲ ಮುದ್ರೆ ಒತ್ತಿದ ರಡ್ ಒಪ್ಪಂದ ಖನಿಜಗಳಿಗೆ ಮಾತ್ರ, ನೆಲದ ಮಾತು ಅದರಲ್ಲಿಲ್ಲ. 1891ರಲ್ಲಿ ಎಡ್ವರ್ಡ್ ಲಿಪರ್ಟ್ ಎಂಬ ವ್ಯಾಪಾರಿಗೆ ರಾಜ ನೂರು ವರ್ಷದ ಮಟ್ಟಿಗೆ ಜಮೀನು ಹಂಚುವ ಅಧಿಕಾರ ಕೊಟ್ಟ. ಕಂಪನಿಗೆ ಎದುರಾಳಿಯೊಬ್ಬ ಇರಲಿ ಎಂದು ರಾಜ ಹೂಡಿದ ಉಪಾಯವದು. ಲಿಪರ್ಟ್ ಅದನ್ನು ಕಂಪನಿಗೇ ಮಾರಿದ. 1894ರಲ್ಲಿ ಜೇಮ್ಸನ್ ಕೈಯಲ್ಲಿದ್ದದ್ದು ಈ ಲಿಪರ್ಟ್ ಕಾಗದ ಮತ್ತು ಯುದ್ಧದ ಗೆಲುವು.

ಅದೇ 1894ರಲ್ಲಿ ನೆಲದ ಆಯೋಗವೊಂದು ಎನ್‌ಡೆಬೆಲೆ ಜನರಿಗೆಂದು ಗ್ವಾಯಿ ಮತ್ತು ಶಂಗಾನಿ ಎಂಬ ಎರಡು ಮೀಸಲು ಸೀಮೆ ಗುರುತಿಸಿತು. ಎರಡೂ ನೀರಿಲ್ಲದ, ದೂರದ ಜಾಗ. ಅಲ್ಲಿಗೆ ಹೋಗಲೊಲ್ಲದವರು ತಮ್ಮ ಹಳೆಯ ಊರುಗಳಲ್ಲೇ, ಈಗ ಬೇರೆಯವರ ಹೆಸರಿಗಾದ ಹೊಲಗಳಲ್ಲಿ, ಒಕ್ಕಲಾಗಿ ಉಳಿದರು. ಮಿಷನ್ ಜಮೀನುಗಳಲ್ಲಿ ಉಳಿದವರಿಗೆ ಬಿಳಿಯ ರೈತನ ಹೊಲಕ್ಕಿಂತ ಮೆದುವಾದ ಒಡೆಯ ಸಿಕ್ಕಿದ್ದು ಹಲವೆಡೆ ನಿಜ. ಮಗುವನ್ನು ಶಾಲೆಗೆ ಕಳಿಸಬೇಕು, ಹೆಂಡ ಕಾಸಬಾರದು ಎಂಬಂತಹ ಷರತ್ತುಗಳೂ ಆ ದೇಶದ ಮಿಷನ್ ಹೊಲಗಳಲ್ಲಿ ಸಾಮಾನ್ಯವಾಗಿದ್ದವು. ಒಕ್ಕಲಿನವನಿಗೆ ಶಾಲೆ ಒಂದು ಅವಕಾಶವೂ ಹೌದು, ಅಪ್ಪನ ಮನೆಯ ಜಾಗದಲ್ಲಿ ಉಳಿಯಲು ಕಟ್ಟಬೇಕಾದ ಬಾಡಿಗೆಯೂ ಹೌದು.

ಮಿಷನ್ ಜಮೀನಿನ ಇತಿಹಾಸ ಬರೆಯುವವರು ಹೀಗಾಗಿ ದಾನಪತ್ರದ ತಾರೀಖಿನಿಂದ ಶುರುಮಾಡಿದರೆ ಸಾಲದು. ಕೊಟ್ಟವನಿಗೆ ಅದು ಬಂದ ಕಾಗದ, ಕೊಡುವ ದಿನ ಅಲ್ಲಿ ಒಲೆ ಉರಿಯುತ್ತಿದ್ದ ಮನೆಗಳು, ಆಮೇಲೆ ಆ ಮನೆಯವರು ಕಟ್ಟಿದ ಕಂದಾಯ ಮತ್ತು ಪಾಲಿಸಿದ ಷರತ್ತು, ಇವನ್ನು ಅಕ್ಕಪಕ್ಕ ಇಟ್ಟು ಓದಬೇಕು. ಸಭೆಯ ಪತ್ರಿಕೆಗಳು, ಮಿಷನರಿಗಳ ಪತ್ರಗಳು ಮೊದಲ ಭಾಗವನ್ನಷ್ಟೇ ತೋರಿಸುತ್ತವೆ. ಉಳಿದದ್ದು ಕಂಪನಿಯ ನೆಲದ ದಾಖಲೆಗಳಲ್ಲಿ ಮತ್ತು ಅಲ್ಲಿನ ಮನೆತನಗಳ ನೆನಪಿನಲ್ಲಿದೆ.

ಜೋನ್ಸ್ ಮತ್ತು ವೈಟ್ ನಡುವೆ ಏಳದಿದ್ದ ಪ್ರಶ್ನೆ ಕೊನೆಗೆ ಲಂಡನ್‌ನಲ್ಲಿ ಎದ್ದಿತು. ದಕ್ಷಿಣ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಇನ್ನೂ ಯಾರಿಗೂ ಹಂಚದ ನೆಲ ಯಾರದು ಎಂಬ ವ್ಯಾಜ್ಯ ಬ್ರಿಟಿಷ್ ವಸಾಹತುಗಳ ಕೊನೆಯ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್‌ಗೆ ಹೋಗಿ 1918ರಲ್ಲಿ ತೀರ್ಪಾಯಿತು. ಲಿಪರ್ಟ್ ಕಾಗದದಿಂದ ಕಂಪನಿಗೆ ನೆಲದ ಒಡೆತನ ಬರುವುದಿಲ್ಲ ಎಂದಿತು ನ್ಯಾಯಾಲಯ. ಸ್ಥಳೀಯ ಜನರ ಹಕ್ಕಿನ ವಾದವನ್ನೂ ಅದು ಒಪ್ಪಲಿಲ್ಲ, ಹಂಚದೆ ಉಳಿದ ನೆಲ ಬ್ರಿಟಿಷ್ ದೊರೆತನದ್ದು ಎಂದು ತೀರ್ಮಾನಿಸಿತು. ಆ ಹೊತ್ತಿಗೆ ಹಂಚಿ ಮುಗಿದಿದ್ದ ಹೊಲಗಳ ಮಾತು ಆ ವ್ಯಾಜ್ಯದೊಳಗೆ ಇರಲೇ ಇಲ್ಲ. ಸೊಲೂಸಿಯ 12,000 ಎಕರೆ ಅಷ್ಟರಲ್ಲಿ 24 ವರ್ಷಗಳಿಂದ ಸಭೆಯದಾಗಿತ್ತು.